ಕಂಪ್ಲಿಯ ಕರಡಿಗೆ, ಜಾವಾದ ಜಾಗಟೆ

ಕಂಪ್ಲಿ: ಹೊರಡುವ ಮುನ್ನ

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಸಮುದ್ರ ದಾಟುವೆನೆಂದು ನಾನು ಎಣಿಸಿರಲಿಲ್ಲ. ಸಂಡೂರಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟು, ನಿವೃತ್ತನಾದ ಮೇಲೆ ಕಂಪ್ಲಿಯಲ್ಲಿ ನೆಲೆಸಿದವನು ನಾನು. ನಸುಕಿನಲ್ಲಿ ಸ್ನಾನ, ಇಷ್ಟಲಿಂಗದ ಪೂಜೆ, ಆಮೇಲೆ ತಂಬೂರಿ. ಸೋಮವಾರ ಬಸ್ಸು ಹಿಡಿದು ಹಂಪಿಗೆ ಹೋಗುವುದು. ವಿರೂಪಾಕ್ಷನ ದರ್ಶನ ಮುಗಿಸಿ, ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ಕುಳಿತು ಅರ್ಧ ತಾಸು ಹಾಡಿ ಹಿಂತಿರುಗುವುದು. ಇಷ್ಟೇ ನನ್ನ ಸಂಚಾರ.

ಬಾಯುವನ್ನು ನಾನು ಕಂಡದ್ದು ಆ ಮಂಟಪದಲ್ಲಿ. ಜಾವಾ ದ್ವೀಪದ ಯೋಗ್ಯಕರ್ತಾ ನಗರದ ಹುಡುಗ. ಇಪ್ಪತ್ತೈದು ಇಪ್ಪತ್ತಾರರ ಪ್ರಾಯ. ಹಂಪಿ ಪಕ್ಕದ ಕಡ್ಡಿರಾಂಪುರದ ಹೋಂಸ್ಟೇಯೊಂದರಲ್ಲಿ ಮೂರು ತಿಂಗಳು ಇಳಿದುಕೊಂಡಿದ್ದ. ಮೊದಲ ಸೋಮವಾರ ಕಂಬದ ಹಿಂದೆ ನಿಂತು ಕೇಳಿದ. ಎರಡನೆಯ ಸೋಮವಾರ ಕಂಬದ ಮುಂದೆ ಕುಳಿತ. ಮೂರನೆಯ ಸೋಮವಾರ ನಾನು ಷಡ್ಜ ಹಿಡಿದಾಗ ತಾನೂ ಮೆಲ್ಲಗೆ ಹಿಡಿದ. ಅಲ್ಲಿಂದ ಅವನು ನನ್ನ ಶಿಷ್ಯನಾದ. ಹೆಸರಿನ ಅರ್ಥ ಕೇಳಿದರೆ ಗಾಳಿ ಎಂದ. ನಮ್ಮ ವಾಯುವೇ ಸಮುದ್ರ ದಾಟಿ ಬಾಯುವಾಗಿದ್ದಾನೆಂದು ತಿಳಿದು ನನಗೆ ಬಹಳ ಹಿತವೆನಿಸಿತು. ಸ್ವರವನ್ನು ಅವನು ನನ್ನಿಂದ ಕಲಿತನು. ಕನ್ನಡವನ್ನು ಮಾತ್ರ ಕಡ್ಡಿರಾಂಪುರದ ಆಟೋ ಚಾಲಕರಿಂದ ಕಲಿತನು.

ಊರಿಗೆ ಮರಳಿದ ಮೇಲೆ ಅವನೂ ಅವನ ಗೆಳೆಯರೂ ಸೇರಿ ಬತಿಕ್ ಎಂಬ ಮೇಣದಚ್ಚಿನ ಬಟ್ಟೆಯ ಹಳೆಯ ಗೋದಾಮೊಂದನ್ನು ಹಿಡಿದರಂತೆ. ಅಲ್ಲಿ ಗೋಡೆಗೆ ಚಿತ್ರ, ಮೂಲೆಯಲ್ಲಿ ಕಾಫಿ, ನಡುವೆ ಕಂಚಿನ ವಾದ್ಯಗಳು. ಯಾವ ಸಂಸ್ಥೆಯ ಆಶ್ರಯವೂ ಇಲ್ಲ; ಬಂದವರೇ ಗುಡಿಸುತ್ತಾರೆ, ಬಂದವರೇ ಬಾರಿಸುತ್ತಾರೆ. ಒಂದು ಸಂಜೆ ಗುರುಗಳು ಬಂದು ಹಾಡಬೇಕೆಂದು ವರ್ಷವಿಡೀ ಫೋನಿನಲ್ಲಿ ಕಾಡಿದ. ಕೊನೆಗೆ ಒಪ್ಪಿದೆ.

ಜೊತೆಗೆ ಹೊರಟವನು ನನ್ನ ಶ್ರೀಮತಿ ಗಿರಿಜಮ್ಮನ ತಮ್ಮ ವೀರೇಶ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಪಕ್ಕದ ಮೆಟ್ರಿ ಹಳ್ಳಿಯಲ್ಲಿ ಗದ್ದೆ ಉಳ್ಳವನು. ಸಂಗೀತಕ್ಕೂ ಅವನಿಗೂ ಸಂಬಂಧವಿಲ್ಲ.

"ಮಾವಾರ, ನೀವೊಬ್ರ ಹೋದ್ರ ಯಾವನರೆ ನಿಮ್ಮನ್ನ ಅಲ್ಲಿ ಮ್ಯೂಸಿಯಂನ್ಯಾಗ ಇಟ್ಟುಬಿಡ್ತಾನ. ನಾ ಬರ್ತೀನಿ. ಅವರ ಭತ್ತ ಹೆಂಗೈತಿ ಒಂದ್ಸಲ ಬಾಯಾಗ ಹಾಕ್ಕೊಂಡು ನೋಡ್ಬೇಕು" ಎಂದ.

ಹೊರಡುವ ದಿನ ಗಿರಿಜಮ್ಮ ನನ್ನ ಕೊರಳ ಶಿವದಾರವನ್ನು ಎಳೆದು ನೋಡಿದಳು. ಆ ದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯೊಳಗೆ, ಎಂಟನೆಯ ವಯಸ್ಸಿನಲ್ಲಿ ಗುರುಗಳು ನನ್ನ ಅಂಗೈಯಲ್ಲಿಟ್ಟ ಲಿಂಗವಿದೆ. ಅದು ದೇಹದಿಂದ ಅಗಲುವಂತಿಲ್ಲ. ಅಗಲಿದರೆ ಮತ್ತೆ ಕೊರಳು ಸೇರುವವರೆಗೆ ಅನ್ನವಿಲ್ಲ, ನೀರಿಲ್ಲ. ನಮ್ಮ ಮನೆತನದಲ್ಲಿ ಇದಕ್ಕೆ ರಿಯಾಯಿತಿ ಎಂಬುದಿಲ್ಲ. ವರ್ಷಕ್ಕೊಮ್ಮೆ ಶಿವರಾತ್ರಿಗೆ ದಾರ ಬದಲಿಸುತ್ತೇವೆ. ಗಂಟು ಹಾಕುವವಳು ಗಿರಿಜಮ್ಮ. ನಲವತ್ತೈದು ವರ್ಷಗಳಿಂದ ಆ ಗಂಟನ್ನು ನಾನು ಹಾಕಿಲ್ಲ, ಬಿಚ್ಚಿಲ್ಲ.

"ಹೊಸಾ ದಾರ ಹಾಕ್ತೀನಿ, ಕುಂದ್ರಿ" ಎಂದಳು.

"ಶಿವರಾತ್ರಿ ದೂರ ಐತಿ. ಇದ ಸಾಕು."

"ಗಂಟಿಗೆ ಕೈ ಹಚ್ಚಬ್ಯಾಡ್ರಿ ಮತ್ತ."

ಹಚ್ಚುವುದಿಲ್ಲವೆಂದು ಮಾತು ಕೊಟ್ಟೆ.

ವಿಮಾನ ನಿಲ್ದಾಣ

ಆ ಮಾತು ಮರುದಿನವೇ ಮುರಿಯಿತು. ತಪಾಸಣೆಯ ಕಮಾನಿನ ಕೆಳಗೆ ನಾನು ಹೋದೊಡನೆ ಯಂತ್ರ ಕೂಗಿಕೊಂಡಿತು. ಎದೆಯ ಮೇಲಿನ ಬೆಳ್ಳಿಯನ್ನು ತೆಗೆದು ತಟ್ಟೆಯಲ್ಲಿಡಬೇಕೆಂದರು. ಆ ತಟ್ಟೆಯಲ್ಲಿ ಆಗತಾನೆ ಯಾರದೋ ಬೂಟು ಹೋಗಿತ್ತು. ನಾನು ಒಲ್ಲೆನೆಂದೆ. ಹಿಂದೆ ಸಾಲು ಬೆಳೆಯಿತು; ವೀರೇಶ ಜಗಳಕ್ಕೆ ತೋಳೇರಿಸಿದ. ಅಷ್ಟರಲ್ಲಿ ಸಮವಸ್ತ್ರದ ತರುಣನೊಬ್ಬ ಹತ್ತಿರ ಬಂದು ಕೈಮುಗಿದ. ಮಾತಿನಿಂದ ವಿಜಯಪುರದ ಕಡೆಯವನೆಂದು ತಿಳಿಯಿತು.

"ಅಜ್ಜಾರ, ತಟ್ಟಿಯೊಳಗ ಬ್ಯಾಡ್ರಿ. ಬಿಚ್ಚಿ ಅಂಗೈಯಾಗ ಹಿಡ್ಕೊಂಡು ನಿಂದರ್ರಿ. ನಾ ಯಂತ್ರಾನ ನಿಮ್ಮ ಸುತ್ತ ಆಡಿಸ್ತೀನಿ."

ದಾರ ಗಿಡ್ಡ, ತಲೆಯ ಮೇಲಿಂದ ಬರುವಂಥದಲ್ಲ. ಆ ತರುಣನೇ ಗಂಟು ಸಡಿಲಿಸಲು ನೆರವಾದ. ಕರಡಿಗೆಯನ್ನು ಎಡ ಅಂಗೈಯಲ್ಲಿ ಹಿಡಿದು, ಪೂಜೆಗೆ ನಿಂತವನಂತೆ ನಾನು ನಿಂತೆ. ಅವನು ಪ್ರದಕ್ಷಿಣೆ ಬಂದಂತೆ ಸುತ್ತಿ ಬಂದು, "ಆತ್ರಿ, ಹೋಗಿ ಬರ್ರಿ" ಎಂದ. ಎಷ್ಟು ನಿರಾಳವಾಯಿತೆಂದರೆ, ಸಾಲು ನೂಕುತ್ತಿದ್ದ ಅವಸರದಲ್ಲಿ ದಾರವನ್ನು ನಾನೇ ಕಟ್ಟಿಕೊಂಡೆ. ಎಂದೂ ಕಟ್ಟದ ಕೈ ಕಟ್ಟಿದ ಗಂಟು. ಆಗ ಅದು ಬಿಗಿಯಾಗಿಯೇ ಇದ್ದಂತೆ ತೋರಿತು.

ಯೋಗ್ಯಕರ್ತಾ: ಗುರುವಾರ

ಹೊರಬಂದೊಡನೆ ಜನಜಂಗುಳಿಯ ಆಚೆಯಿಂದ ಒಂದು ಕೂಗು ಕೇಳಿತು: "ಏ ಗುರುಗಳ, ಬಾರಲೇ! ಊಟ ಆತೇನಲೇ?"

ಬಾಯು ಎರಡೂ ಕೈ ಎತ್ತಿ ಓಡಿ ಬಂದು ಪಾದ ಮುಟ್ಟಿದ. ವೀರೇಶ ನಕ್ಕು ನಕ್ಕು ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟ.

"ಮಾವಾರ, ನಿಮಗ ಹಿಂಗ ಕರದವರು ಕಂಪ್ಲ್ಯಾಗ ಒಬ್ರೂ ಇಲ್ಲ. ಇದಕ್ಕ ಇಷ್ಟು ದೂರ ಬರಬೇಕಾತು ನೋಡ್ರಿ!"

'ಲೇ' ಎಂಬುದನ್ನು ಯಾರಿಗೆ ಅನ್ನಬೇಕು, ಯಾರಿಗೆ ಅನ್ನಬಾರದೆಂಬುದನ್ನು ದಾರಿಯುದ್ದಕ್ಕೂ ಬಾಯುವಿಗೆ ತಿಳಿಹೇಳಿದೆ. ಅವನು ನಾಲಿಗೆ ಕಚ್ಚಿಕೊಂಡು ಅಂದಿನಿಂದ ಪ್ರತಿಯೊಂದು ಮಾತಿಗೂ 'ರಿ' ಹಚ್ಚತೊಡಗಿದ.

ಆ ನಗರದಲ್ಲಿ ಕಲೆಯ ಮನೆಗಳಿಗೆ ಫಲಕವಿಲ್ಲ. ಬಾಗಿಲ ಹೊರಗೆ ರಾಶಿ ಬಿದ್ದ ಚಪ್ಪಲಿಗಳೇ ಫಲಕ. ಎಲ್ಲಿ ಚಪ್ಪಲಿ ಹೆಚ್ಚಿವೆಯೋ ಅಲ್ಲಿ ಏನೋ ನಡೆಯುತ್ತಿದೆ ಎಂದರ್ಥ. ಯಾರು ಬೇಕಾದರೂ ಒಳಗೆ ಹೋಗಿ ಚಾಪೆಯ ಮೇಲೆ ಕೂರಬಹುದು. ಒಂದು ಮನೆಯ ಪಡಸಾಲೆಯಲ್ಲಿ ಚಿತ್ರಗಳ ನಡುವೆಯೇ ಮನೆಯವರ ಬಟ್ಟೆ ಒಣಗುತ್ತಿತ್ತು. ಇನ್ನೊಂದು ಮನೆಯ ದನದ ಕೊಟ್ಟಿಗೆಯಂಥ ಜಾಗದಲ್ಲಿ ನಾಲ್ವರು ಗಿಟಾರ್ ಹಿಡಿದು ಹಾಡುತ್ತಿದ್ದರು. ಕೇಳುವವರು ಆರು ಜನ, ಮತ್ತೊಂದು ಬೆಕ್ಕು. ಹಾಡು ಮುಗಿದಾಗ ಕೇಳುಗರು ಎದ್ದು ಹಾಡುಗಾರರಿಗೆ ಕಾಫಿ ಮಾಡಿಕೊಟ್ಟರು. ಹಂಪಿ ಬಜಾರಿನ ಮಂಟಪಗಳು ನೆನಪಾದವು. ಅಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಮಾರುವವರೂ ಹಾಡುವವರೂ ಒಂದೇ ನೆರಳಿನಲ್ಲಿ ಕುಳಿತಿರಬೇಕು.

ಸಂಜೆ ಬಾಯು ನಮ್ಮನ್ನು ರಸ್ತೆ ಬದಿಯ ಕಾಫಿ ಗಾಡಿಗೆ ಕರೆದೊಯ್ದ. ಅಲ್ಲಿಯ ಪದ್ಧತಿಯನ್ನು ಕಂಡು ನಾನು ಬೆರಗಾದೆ. ಲೋಟಕ್ಕೆ ಕಾಫಿ ಬಗ್ಗಿಸಿ, ಒಲೆಯಿಂದ ನಿಗಿನಿಗಿ ಕೆಂಡವೊಂದನ್ನು ಇಕ್ಕಳದಲ್ಲಿ ಹಿಡಿದು ಅದರೊಳಗೇ ಬಿಡುತ್ತಾರೆ! ಚುಂಯ್ ಎಂದು ನೊರೆಯೇಳುತ್ತದೆ. ನಾನು ಕೈಮುಗಿದು ಬೇಡವೆಂದೆ. ವೀರೇಶ ಕುಡಿದು ಮೀಸೆ ಒರೆಸಿಕೊಂಡ.

"ಹಣೀಗೆ ದಿನಾ ಬೂದಿ ಹಚ್ಚೋರಿಗೆ ಲೋಟದಾಗಿನ ಕೆಂಡ ಯಾಕ ಬ್ಯಾಡಾತ್ರಿ?" ಎಂದ. ಹಲ್ಲೆಲ್ಲ ಕಪ್ಪಾಗಿದ್ದವು.

ಕತ್ತಲಾಗುವ ಮುನ್ನ ಗೋದಾಮನ್ನು ನೋಡಿದೆವು. ಎತ್ತರದ ಛಾವಣಿ, ಒಂದೇ ದೊಡ್ಡ ಬಾಗಿಲು. ನಡುವೆ ಗಾಮೆಲಾನ್ ಎಂದು ಕರೆಯುವ ಕಂಚಿನ ವಾದ್ಯಗಳ ಸಮೂಹ. ಎಲ್ಲಕ್ಕೂ ಹಿಂದೆ, ಮರದ ಚೌಕಟ್ಟಿನಲ್ಲಿ ತೂಗುವ ಒಂದು ಮಹಾಜಾಗಟೆ. ನನ್ನ ಎದೆಯೆತ್ತರಕ್ಕೆ ಬರುವಂಥದು. ಅದರ ಬುಡದಲ್ಲಿ ಬಾಯುವಿನ ಅಜ್ಜಿ, ಬಾಗಿದ ಬೆನ್ನಿನ ಸಣ್ಣ ಜೀವ, ಬೆತ್ತದ ಬುಟ್ಟಿಯಲ್ಲಿ ಬಾಳೆಎಲೆ ಹಾಸಿ ಮಲ್ಲಿಗೆ, ಗುಲಾಬಿ ಎಸಳುಗಳನ್ನು ತುಂಬಿ ಇಡುತ್ತಿದ್ದರು. ಪ್ರತಿ ಗುರುವಾರ ಸಂಜೆ ಇದು ನಡೆಯುತ್ತದಂತೆ.

"ಅಜ್ಜಿ ಪೂಜೆ ಮಾಡ್ತಾರೇನು?" ಎಂದು ಕೇಳಿದೆ. ಅವರದು ಮುಸಲ್ಮಾನ ಕುಟುಂಬ.

"ಪೂಜೆ ಅಲ್ರಿ ಗುರುಗಳ" ಎಂದ ಬಾಯು. "ಮರ್ಯಾದಿ ರಿ."

ವಾದ್ಯಗಳ ಹತ್ತಿರ ಚಪ್ಪಲಿ ಕೂಡದು. ಯಾವ ವಾದ್ಯವನ್ನೂ ದಾಟಿ ಕಾಲಿಡಕೂಡದು, ಸುತ್ತಿ ಬಳಸಿಯೇ ಹೋಗಬೇಕು. ನಮ್ಮ ತಂಬೂರಿಗೆ ನಾವು ಕೊಡುವ ಮರ್ಯಾದೆಯೇ ಅದು. ಇಂಥ ಮನೆಗೆ ಬಂದೆನಲ್ಲ ಎಂದು ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಶುಕ್ರವಾರ: ಬೆಳಗು

ಪೂಜೆ, ಫಲಾಹಾರ ಮುಗಿಸಿ ಮೊದಲು ಗೋದಾಮಿಗೆ ಹೋದೆವು. ಶನಿವಾರದ ಹಾಡಿಗೆ ಶ್ರುತಿ ನೋಡಬೇಕಿತ್ತು. ತೊಂದರೆ ಅಲ್ಲಿಯೇ ಎದುರಾಯಿತು. ಅವರ ಐದು ಸ್ವರಗಳು ನಮ್ಮ ಭೂಪ ರಾಗಕ್ಕೆ ಹತ್ತಿರ ಬರುತ್ತವೆ, ಆದರೆ ಯಾವುದೂ ನನ್ನ ತಂಬೂರಿ ಹೇಳುವ ಜಾಗದಲ್ಲಿ ನಿಲ್ಲುವುದಿಲ್ಲ. ಗಾಂಧಾರವಂತೂ ಎತ್ತರದಲ್ಲಿ ಎಲ್ಲೋ ಅಲೆಯುತ್ತಿತ್ತು. ಒಂದೊಂದು ವಾದ್ಯಸಮೂಹ ತನಗೆ ತಾನೇ ಶ್ರುತಿಗೊಂಡಿರುತ್ತದೆಯಂತೆ. ಪಕ್ಕದ ಮನೆಯದರೊಡನೆಯೂ ಅದು ಹೊಂದದು.

"ಇವನ್ನು ಸ್ವಲ್ಪ ತಗ್ಗಿಸಲು ಬಾರದೇನು?" ಎಂದೆ.

ಬಾಯು ಬಹಳ ವಿನಯದಿಂದ ಉತ್ತರಿಸಿದ: "ಕಂಚು ಬಗ್ಗೂದಿಲ್ರಿ ಗುರುಗಳ. ನೀವ ಸ್ವಲ್ಪ ಬಗ್ಗಬೇಕ್ರಿ."

ಹಾಡುವುದು ನನ್ನಿಂದಾಗದೆಂದು ಒಳಗೊಳಗೇ ನಿರ್ಧರಿಸಿದೆ. ಆದರೂ ಹೊರಡುವ ಮುನ್ನ ಆ ಮಹಾಜಾಗಟೆಯ ಬಳಿಗೆ ಹೋದೆ. ಹೂವಿನ ಬುಟ್ಟಿ ಹಾಗೆಯೇ ಇತ್ತು. ನಾದಕ್ಕೆ ಇಷ್ಟು ಮರ್ಯಾದೆ ಕೊಡುವ ಮನೆಯಲ್ಲಿ ನಿಂತು ನಮಸ್ಕರಿಸದೆ ಹೋಗುವುದು ನನಗೆ ಸಾಧ್ಯವಾಗಲಿಲ್ಲ. ಅಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ನಾನು ಮೊಣಕಾಲೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ ನಮಸ್ಕರಿಸಿದೆ. ಆಗ 'ಕಿಣ್' ಎಂದು ಒಂದು ಸಣ್ಣ ದನಿ ಕೇಳಿತು. ಜಾಗಟೆ ನನ್ನ ನಮಸ್ಕಾರವನ್ನು ಸ್ವೀಕರಿಸಿತೆಂದು ಭಾವಿಸಿ, ಕಣ್ಣು ಒದ್ದೆ ಮಾಡಿಕೊಂಡು ಎದ್ದೆ.

ಅಲ್ಲಿಂದ ಸೈಕಲ್ ರಿಕ್ಷಾದಲ್ಲಿ ಮರದ ಅಚ್ಚಿನ ಚಿತ್ರ ಮಾಡುವವರ ಮನೆಗೆ ಹೋದೆವು. ಬಾಯುವಿನ ಗೆಳತಿ ರತ್ನ ಅಲ್ಲಿಯ ಚಿತ್ರಗಾರ್ತಿ. ಬಾಗಿಲಿನಷ್ಟು ದೊಡ್ಡ ಹಲಗೆಯಲ್ಲಿ ಭತ್ತದ ಗದ್ದೆಯನ್ನು ಕೆತ್ತಿದ್ದಳು. ಹಲಗೆಗೆ ಮಸಿ ಬಳಿದು, ಮೇಲೆ ಬಟ್ಟೆ ಹಾಸಿದರು. ಆಮೇಲೆ ಏಳೆಂಟು ಮಂದಿ ಕಾಲು ತೊಳೆದುಕೊಂಡು ಅದರ ಮೇಲೆ ಹತ್ತಿ ಕುಣಿಯತೊಡಗಿದರು! ಅಚ್ಚು ಒತ್ತುವ ಯಂತ್ರ ಅವರಲ್ಲಿಲ್ಲ, ಕಾಲೇ ಯಂತ್ರ. ಒಬ್ಬ ಡೋಲಿನಂಥದನ್ನು ಬಡಿಯುತ್ತಿದ್ದ. ಜಾಗಟೆಯನ್ನು ದಾಟಬಾರದೆನ್ನುವ ಊರಿನಲ್ಲಿಯೇ ಚಿತ್ರವನ್ನು ತುಳಿಯುವುದನ್ನು ಕಂಡು ನಾನು ಗೋಡೆಗೆ ಸರಿದು ನಿಂತೆ. ವೀರೇಶ ಧೋತರ ಎತ್ತಿ ಕಟ್ಟಿದ.

"ರಾಶಿ ತುಳಿಯೂದು ನಮಗ ಇವರೇನು ಕಲಿಸ್ತಾರ!" ಎಂದು ಅವರ ನಡುವೆ ಸೇರಿಕೊಂಡ. ಬಟ್ಟೆ ಎತ್ತಿದಾಗ ಗದ್ದೆಯ ತೆನೆಗಳೆಲ್ಲ ಸ್ಪಷ್ಟವಾಗಿ ಮೂಡಿದ್ದವು. ಅವನು ಹತ್ತಿರದಿಂದ ನೋಡಿ, ತೆನೆ ಇನ್ನೂ ಹಾಲು ತುಂಬುವ ಹಂತದಲ್ಲಿದೆ, ಕೊಯ್ಲಿಗೆ ಇಪ್ಪತ್ತು ದಿನ ಬೇಕೆಂದ. ಬಾಯು ಅನುವಾದಿಸಿದಾಗ ರತ್ನ ಸಂತೋಷದಿಂದ ಚಪ್ಪಾಳೆ ತಟ್ಟಿದಳು.

ಶುಕ್ರವಾರ: ಊಟದ ಹೊತ್ತು

ಅವರೇ ಅಡಿಗೆ ಮಾಡಿ ಚಾಪೆಯ ಮೇಲೆ ಬಾಳೆಎಲೆ ಹಾಕಿದರು. ನಮಗಾಗಿ ಎಳೆಯ ಹಲಸಿನಕಾಯಿಯ ಪಲ್ಯ. ಬಾಯುವೂ ಉಳಿದ ಹುಡುಗರೂ ಶುಕ್ರವಾರದ ನಮಾಜಿಗೆ ಹೊರಟರು. "ನೀವು ಉಣ್ರಿ ಗುರುಗಳ, ಮುಗಿಸಿ ಸೀದಾ ಗೋದಾಮಿಗೆ ಬರ್ತೀನ್ರಿ" ಎಂದು ಹೇಳಿ ಹೋದ. ಊಟಕ್ಕೆ ಮೊದಲಿನ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಆಗಲೇ ನುಂಗಿದ್ದೆ. ವೀರೇಶ ಪಲ್ಯವನ್ನು ನಾಲಿಗೆಗೆ ಹಚ್ಚಿ ನೋಡಿದ.

"ಪಲ್ಯಕ್ಕ ಬೆಲ್ಲ ಹಾಕ್ಯಾರೋ, ಬೆಲ್ಲಕ್ಕ ಪಲ್ಯ ಹಾಕ್ಯಾರೋ?"

ತುತ್ತೆತ್ತುವ ಮುನ್ನ ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನನ್ನ ರೂಢಿ. ಅಂಗಿಯೊಳಗೆ ಕೈ ಹೋಯಿತು. ಕೈಗೆ ದಾರವೊಂದೇ ಬಂತು.

ಎಷ್ಟು ಹೊತ್ತು ಆ ದಾರವನ್ನು ಹಿಡಿದು ಕುಳಿತಿದ್ದೆನೋ ತಿಳಿಯದು. ಎರಡೂ ತುದಿ ಬಿಡಿಯಾಗಿದ್ದವು. ವೀರೇಶನೇ ಮೊದಲು ನೋಡಿದ. ಅವನ ಕೈಯ ತುತ್ತು ಎಲೆಗೆ ಬಿತ್ತು.

"ಮಾವಾರ... ಎಲ್ಲೈತ್ರಿ?"

ನಾನು ಎಲೆಯನ್ನು ಮೆಲ್ಲನೆ ಮುಂದೆ ಸರಿಸಿದೆ. ರತ್ನ ಅಡಿಗೆ ಚೆನ್ನಾಗಿಲ್ಲವೆಂದು ತಿಳಿದು ಮುಖ ಸಣ್ಣ ಮಾಡಿದಳು. ವೀರೇಶ ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ, ಬೆಳ್ಳಿ, ದೇವರು, ಇಲ್ಲ, ಊಟ ಇಲ್ಲ ಎಂದು ಕೈಸನ್ನೆಯೊಡನೆ ತಿಳಿಸಿದ. ಅವಳು ತಕ್ಷಣ ಎದ್ದಳು. ಹುಡುಗಿಯರೆಲ್ಲ ಚಾಪೆ ಎತ್ತಿದರು, ಹಲಗೆ ಸರಿಸಿದರು. ಆ ಹಾಸುಬಟ್ಟೆಯನ್ನು ಝಾಡಿಸಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟು ಕಾಲುಗಳು ಅದರ ಮೇಲೆ ಕುಣಿದಿದ್ದವು. ಅಲ್ಲಿ ಇರಲಿಲ್ಲ. ಇಲ್ಲವೆಂಬುದೇ ಆಗ ಒಂದು ಸಮಾಧಾನ.

ರಿಕ್ಷಾದವನನ್ನು ರತ್ನ ಮೂಲೆಯ ಮರದ ಕೆಳಗೆ ಹುಡುಕಿ ಕರೆತಂದಳು. ಆ ವೃದ್ಧ ಸೀಟು ಕಿತ್ತು, ಮೆತ್ತೆ ಮಗುಚಿ ತೋರಿಸಿದ. ಇಲ್ಲ. ಆಮೇಲೆ ಅವನೇ ನಮ್ಮನ್ನು ಕೂರಿಸಿಕೊಂಡು, ಬಂದ ದಾರಿಯಲ್ಲೇ ನಡಿಗೆಯ ವೇಗದಲ್ಲಿ ಹಿಂದಕ್ಕೆ ತುಳಿದ. ರತ್ನ ಮುಂದೆ ಮುಂದೆ ನಡೆಯುತ್ತ ಚರಂಡಿಯ ಅಂಚನ್ನೂ ಬಿಡದೆ ನೋಡಿದಳು. ಬಿಸಿಲು ನಮ್ಮ ಬಳ್ಳಾರಿಯದಕ್ಕಿಂತ ಕಡಿಮೆ, ಬೆವರು ಮಾತ್ರ ಹೆಚ್ಚು. ಗೋಡೆಗಳ ಮೇಲೆ ಅಂಟಿಸಿದ್ದ ಚಿತ್ರಗಳೆಲ್ಲ ನನ್ನ ಕಣ್ಣಿಗೆ ಮಸಿಯ ಕಲೆಗಳಂತೆ ಕಂಡವು.

"ಸಕ್ಕರಿ ಗುಳಿಗಿ ತಗೊಂಡೀರಿ. ಒಂದು ಗುಟುಕು ನೀರರೆ ಕುಡೀರಿ" ಎಂದ ವೀರೇಶ.

"ಬ್ಯಾಡ."

"ಹಂಗಾರ ನನಗೂ ಬ್ಯಾಡ."

"ನಿನ್ನ ಕೊರಳಾಗ ನಿನ್ನ ಲಿಂಗ ಐತಲ್ಲೋ. ನೀ ಯಾಕ ಉಪವಾಸ ಇರ್ತಿ?"

"ನಿಮ್ಮೆದುರಿಗೆ ನಾ ಉಂಡ್ರ ಅಕ್ಕ ನನ್ನ ಗಿರಣ್ಯಾಗ ಹಾಕಿ ಪಾಲಿಶ್ ಮಾಡಿಸ್ತಾಳ್ರಿ."

ಮುಚ್ಚಿದ ಬಾಗಿಲು

ಗೋದಾಮಿಗೆ ಬೀಗ ಬಿದ್ದಿತ್ತು. ಕೀಲಿ ಬಾಯುವಿನ ಬಳಿ, ಬಾಯು ಮಸೀದಿಯಲ್ಲಿ. ಮೆಟ್ಟಿಲ ಮೇಲೆ ಕುಳಿತೆವು. ಹತ್ತಿರದ ಮಸೀದಿಯ ಧ್ವನಿವರ್ಧಕದಿಂದ ಪ್ರವಚನ ಕೇಳಿಬರುತ್ತಿತ್ತು. ಅರ್ಥ ತಿಳಿಯದಿದ್ದರೂ ಹೇಳುವವರ ಸ್ವರ ಶಾಂತವಾಗಿತ್ತು. ಅರವತ್ತಮೂರು ವರ್ಷಗಳಲ್ಲಿ ಒಂದು ಗಳಿಗೆಯೂ ಎದೆ ಹೀಗೆ ಬರಿದಾಗಿರಲಿಲ್ಲ. ಸಿಗದಿದ್ದರೆ ಇಂದೇ ಹೊರಟುಬಿಡಬೇಕು. ಊರು ತಲುಪಿ ಮಠದ ಗುರುಗಳ ಪಾದಕ್ಕೆ ಬೀಳುವವರೆಗೆ ನೀರಿಲ್ಲದೆ ಈ ದೇಹ ನಡೆದೀತೇ? ನಡೆದರೂ ಏನೆಂದು ಹೇಳಲಿ? ಅವಸರದಲ್ಲಿ ಗಂಟು ಹಾಕಿದೆ ಎನ್ನಲೇ?

ಅಷ್ಟರಲ್ಲಿ ವೀರೇಶನ ಫೋನು ರಿಂಗಾಯಿತು. ಅಕ್ಕ. ನಾನು ಬೇಡವೆಂದು ಕೈಯಾಡಿಸುವ ಮೊದಲೇ ಅವನು ಸ್ಪೀಕರ್ ಒತ್ತಿಬಿಟ್ಟಿದ್ದ.

"ಏನ್ ತಮ್ಮಾ, ಉಂಡ್ರೇನು?"

"ಇಲ್ಲಕ್ಕಾ. ಅಂದ್ರ... ಹಸಿವಿಲ್ಲ."

"ನಿನಗ ಹಸಿವಿಲ್ಲಾ? ಏನಾಗೈತಿ ಖರೇ ಹೇಳಲೇ."

ಹೇಳಿದ. ಬಯ್ಯುತ್ತಾಳೆಂದು ತಲೆ ತಗ್ಗಿಸಿ ಕುಳಿತೆ. ಬಯ್ಯಲಿಲ್ಲ.

"ಗಂಟು ಯಾರು ಹಾಕಿದ್ರಿ?" ಎಂದು ಕೇಳಿದಳು.

"ನಾನ" ಎಂದೆ.

"ಹೂಂ. ನಾನೂ ಮುಂಜಾನಿ ಊಟಕ್ಕ ಎಲಿ ಮುಂದ ಕುಂತಿದ್ದೆ. ಎದ್ದೆ. ಸಿಕ್ಕ ಮ್ಯಾಲ ಫೋನ್ ಮಾಡ್ರಿ." ಇಟ್ಟುಬಿಟ್ಟಳು.

ಕಂಪ್ಲಿಯಲ್ಲಿ ಒಂದು ಎಲೆ, ಇಲ್ಲಿ ಎರಡು. ನನ್ನ ಒಂದು ಗಂಟಿಗೆ ಮೂವರ ಉಪವಾಸ.

ಕಣ್ಣು ಮುಚ್ಚಿ ಬೆಳಗನ್ನು ಮೊದಲಿನಿಂದ ನೆನೆಯತೊಡಗಿದೆ. ಕಣ್ಣು ಕಂಡದ್ದನ್ನು ನಾನು ಮರೆಯುತ್ತೇನೆ. ಕಿವಿ ಕೇಳಿದ್ದನ್ನು ಮರೆಯುವುದಿಲ್ಲ. ನಮಸ್ಕಾರಕ್ಕೆ ಬಗ್ಗಿದ್ದು, ಹಣೆ ನೆಲ ಮುಟ್ಟಿದ್ದು, 'ಕಿಣ್'. ಆ ದನಿ ಇನ್ನೂ ಕಿವಿಯಲ್ಲಿತ್ತು. ಅಷ್ಟು ದೊಡ್ಡ ಜಾಗಟೆ ಅಷ್ಟು ತೆಳ್ಳಗೆ ನುಡಿಯಲಾರದು. ಅದು ಕಂಚಿನ ದನಿಯೇ ಅಲ್ಲ. ಕಂಚಿಗೆ ತಗುಲಿದ ಬೆಳ್ಳಿಯ ದನಿ.

"ವೀರೇಶಾ, ಒಳಗೈತಿ" ಎಂದೆ. "ಹೂವಿನ ಬುಟ್ಟ್ಯಾಗ ಬಿದ್ದೈತಿ."

ಅವನು ಎದ್ದು ಬಾಗಿಲನ್ನು ಹೆಗಲಿನಿಂದ ನೂಕಲು ಹೋದ. ತಡೆದೆ. "ನಮಾಜ್ ಮುಗೀಲಿ. ಒಳಗಿರೋದು ಎಲ್ಲೂ ಹೋಗೂದಿಲ್ಲ."

ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ. ಮಸೀದಿಯಲ್ಲಿ ಎಲ್ಲರೂ ಒಟ್ಟಿಗೆ ಆಮೀನ್ ಎಂದದ್ದು ಕೇಳಿತು. ನಾನೂ ಬರಿದಾದ ಎದೆಯ ಮೇಲೆ ಕೈಯಿಟ್ಟುಕೊಂಡು ಷಡಕ್ಷರಿ ಜಪಿಸುತ್ತ ಕುಳಿತೆ.

ಬರಿದಾದ ಬುಟ್ಟಿ

ಬಾಯು ಬಂದವನೇ ನಮ್ಮ ಮುಖ ನೋಡಿ, ಸಂಗತಿ ಕೇಳಿ ಬಾಗಿಲಿಗೆ ಓಡಿದ. ಬೀಗ ತೆಗೆದ. ವಾದ್ಯಗಳನ್ನು ಬಳಸಿಕೊಂಡೇ ಜಾಗಟೆಯ ಬಳಿಗೆ ಹೋದೆವು. ಅಂಥ ಹೊತ್ತಿನಲ್ಲಿಯೂ ವೀರೇಶ ಯಾವುದನ್ನೂ ದಾಟಲಿಲ್ಲ.

ಅಲ್ಲಿ ಬುಟ್ಟಿಯೇ ಇರಲಿಲ್ಲ. ನೆಲ ಗುಡಿಸಿ ಒರೆಸಿತ್ತು.

ಬಾಯುವಿನ ಮುಖ ಬಿಳುಪೇರಿತು. "ಶುಕ್ರವಾರ ಅಜ್ಜಿ ಬಾಡಿದ ಹೂವ ಹೊಳೀಗೆ ಬಿಡ್ತಾಳ್ರಿ. ಆಕಿ ಹತ್ರಾನೂ ಒಂದು ಕೀಲಿ ಐತ್ರಿ."

ನಾನು ನೆಲದ ಮೇಲೆ ಕುಳಿತುಬಿಟ್ಟೆ. ವೀರೇಶ ಹೊಳೆ ಎಷ್ಟು ದೂರ, ಆಳ ಎಷ್ಟು, ತುಂಗಭದ್ರೆಯಷ್ಟು ಸೆಳೆತವಿದೆಯೇ ಎಂದು ಕ್ಷಣದಲ್ಲಿ ನೂರು ಪ್ರಶ್ನೆ ಕೇಳಿ ಅಂಗಿ ಕಳಚತೊಡಗಿದ. ಆಗ ಬಾಗಿಲಲ್ಲಿ ಅಜ್ಜಿ ಕಾಣಿಸಿಕೊಂಡರು. ಕಂಕುಳಲ್ಲಿ ಬೆತ್ತದ ಬುಟ್ಟಿ. ಬುಟ್ಟಿ ಬರಿದಾಗಿತ್ತು, ತಳದಿಂದ ನೀರು ತೊಟ್ಟಿಕ್ಕುತ್ತಿತ್ತು.

ಬಾಯು ಅವರ ಭಾಷೆಯಲ್ಲಿ ಏನೋ ತೊದಲಿದ. ಅಜ್ಜಿ ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ದಾರವನ್ನು ನೋಡಿದರು. ಬುಟ್ಟಿ ಕೆಳಗಿಟ್ಟು, ಕೈ ತೊಳೆದುಕೊಂಡು, ಗೋದಾಮಿನ ಹಿಂಬದಿಯ ಸಣ್ಣ ಕೋಣೆಗೆ ಹೋದರು. ಅಲ್ಲಿ ಎತ್ತರದ ಗೂಡಿನಲ್ಲಿ ಅವರ ಮನೆತನದ ಹಳೆಯ ಕಠಾರಿಯನ್ನು ಬಟ್ಟೆಯಲ್ಲಿ ಸುತ್ತಿ ಕಾಪಾಡುತ್ತಾರಂತೆ. ಅಜ್ಜಿ ಹೊರಬಂದಾಗ ಎರಡೂ ಅಂಗೈಗಳ ಮೇಲೆ ಒಂದು ಬಿಳಿ ಬಟ್ಟೆಯ ಗಂಟಿತ್ತು. ಅದನ್ನು ಹಣೆಯೆತ್ತರಕ್ಕೆ ಹಿಡಿದು, ನನ್ನೆದುರು ಬಾಗಿ ನೀಡಿದರು.

ಬಿಚ್ಚಿದೆ. ಮಲ್ಲಿಗೆಯ ಎಸಳುಗಳ ನಡುವೆ ನನ್ನ ಕರಡಿಗೆ.

ಆ ಕ್ಷಣದ ಬಗ್ಗೆ ಹೆಚ್ಚು ಬರೆಯಲಾರೆ. ಕಣ್ಣಿಗೊತ್ತಿಕೊಂಡೆ. ಎದೆಗೊತ್ತಿಕೊಂಡೆ. ವೀರೇಶ ಕಂಬಕ್ಕೆ ಮುಖ ಮಾಡಿ ನಿಂತು ಮೂಗೊರೆಸಿಕೊಳ್ಳುತ್ತಿದ್ದ.

ಅಜ್ಜಿ ಹೇಳುತ್ತ ಹೋದರು, ಬಾಯು ತನ್ನ ಕಡ್ಡಿರಾಂಪುರದ ಕನ್ನಡಕ್ಕೆ ತಿರುಗಿಸುತ್ತ ಹೋದ. "ಹೂವಿನೊಳಗ ಸಿಕ್ತಂತ್ರಿ. ಮುಚ್ಚಿದ್ದನ್ನ ತೆಗೆಯೂದು ಅದರ ಒಡೆಯನ ಕೆಲಸ, ಅದಕ್ಕ ತೆಗದು ನೋಡಿಲ್ಲಂತ್ರಿ. ನೆಲದಾಗ ಇಡಬಾರದು ಅಂತ ಮ್ಯಾಲ ಇಟ್ಟಾಳ್ರಿ. ಯಾರದು ಅಂತ ಕೇಳಬೇಕಂದ್ರ ಎಲ್ಲಾರೂ ಮಸೀದಿಗೆ ಹೋಗಿದ್ವಿ ರಿ." ಅಜ್ಜಿ ಅಳುಕುತ್ತ ಇನ್ನೇನೋ ಕೇಳಿದರು. "ಅದು ಸಿಟ್ಟಾಗೈತೇನು ಅಂತ ಕೇಳ್ತಾಳ್ರಿ."

"ಇಲ್ಲ ತಾಯಿ" ಎಂದೆ. "ನಿಮ್ಮ ಮನಿ ಹಿಡಿಸೈತಿ. ಅದಕ್ಕ ನನಗ ಹೇಳದ ಇಳಕೊಂಡೈತಿ."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು.

ದಾರ ಕಟ್ಟುವ ಪ್ರಶ್ನೆ ಬಂತು. ನಾನು ಕೈಯಿಕ್ಕಲಿಲ್ಲ. ವೀರೇಶ ಮುಂದೆ ಬಂದ. ನಲವತ್ತು ವರ್ಷ ಅಕ್ಕಿಯ ಚೀಲಗಳ ಬಾಯಿ ಕಟ್ಟಿದ ಕೈ ಅದು. ಎರಡು ಸುತ್ತು, ಒಂದು ಮಡಿಕೆ, ಒಂದೇ ಜಗ್ಗು.

"ಇದು ಬಿಚ್ಚಿದ್ರ ಗಿರಣಿ ಬರದು ಕೊಡ್ತೀನ್ರಿ" ಎಂದ.

ಮತ್ತೆ ಸ್ನಾನ ಮಾಡಿ ಬಂದು, ಜಾಗಟೆಯ ಎದುರಿನಲ್ಲಿಯೇ ಚಾಪೆ ಹಾಸಿ ಕುಳಿತೆ. ಅಜ್ಜಿ ಹೊಸ ಮಲ್ಲಿಗೆ ತಂದಿಟ್ಟರು. ಲಿಂಗವನ್ನು ಅಂಗೈಗೆ ತೆಗೆದುಕೊಂಡಾಗ ಹುಡುಗರೆಲ್ಲ ಬಂದು ಸದ್ದಿಲ್ಲದೆ ಸುತ್ತ ಕುಳಿತದ್ದು ನನಗೆ ತಿಳಿಯಲೇ ಇಲ್ಲ. ಪೂಜೆಯ ಕೊನೆಗೆ ನನಗರಿವಿಲ್ಲದೆ ಷಡ್ಜ ಹಿಡಿದೆನಂತೆ. ಬಾಯು ಮೆಲ್ಲಗೆ ಜಾಗಟೆಯನ್ನು ಮುಟ್ಟಿದ. ನೆಲವೇ ನುಡಿದಂಥ ಆ ನಾದ ನನ್ನ ಸ್ವರದ ಕೆಳಗೆ ಬಂದು ನಿಂತಿತು. ತಂಬೂರಿಯ ಶ್ರುತಿಯಲ್ಲ ಅದು, ಅದಕ್ಕಿಂತ ಕೊಂಚ ತಗ್ಗು. ನನ್ನ ಕೊರಳು ತಾನಾಗಿಯೇ ಅಲ್ಲಿಗೆ ಇಳಿದುಹೋಗಿತ್ತು.

ಕಂಪ್ಲಿಗೆ ಫೋನು ಮಾಡಿ "ಸಿಕ್ತು" ಎಂದೆ.

"ನೀವು ಮೊದಲು ಉಣ್ರಿ" ಎಂದಳು ಗಿರಿಜಮ್ಮ. ಆಮೇಲೆ ಎಲೆ ಎಳೆದುಕೊಂಡ ಸದ್ದು ಫೋನಿನಲ್ಲಿಯೇ ಕೇಳಿತು.

ರತ್ನ ಎತ್ತಿಟ್ಟಿದ್ದ ಹಲಸಿನ ಪಲ್ಯವನ್ನು ತರಿಸಿ ಉಂಡೆವು. ಬೆಲ್ಲ ಹೆಚ್ಚಾಗಿದೆಯೆಂದು ವೀರೇಶ ಅನ್ನಲಿಲ್ಲ. ಮೂರು ಸಲ ಬಡಿಸಿಕೊಂಡ. ಸಂಜೆ ನಾನೇ ಮುಂದಾಗಿ ಕಾಫಿ ಗಾಡಿಗೆ ನಡೆದೆ. ಲೋಟಕ್ಕೆ ಕೆಂಡ ಬಿತ್ತು, ನೊರೆಯೆದ್ದಿತು, ಕುಡಿದೆ. ಸುಟ್ಟ ಭತ್ತದ ಹೊಟ್ಟಿನ ವಾಸನೆಯೊಂದು ನಾಲಿಗೆಯ ಮೇಲೆ ಉಳಿಯಿತು. ಚೆನ್ನಾಗಿತ್ತು. ಮರುದಿನ ಅವರ ಐದು ಸ್ವರಗಳ ನಡುವೆಯೇ ಹಾಡಿದೆ. ಗಾಂಧಾರ ಅಲೆಯುವಲ್ಲಿಗೆ ನಾನೂ ಅಲೆದು ಹೋದೆ. ಹೊರಗೆ ಚಪ್ಪಲಿಗಳು ಬಹಳ ಇದ್ದವೆಂದು ವೀರೇಶ ಹೇಳಿದ.

ಮರಳಿ ಕಂಪ್ಲಿ

ಶಿವರಾತ್ರಿಗೆ ಗಿರಿಜಮ್ಮ ಹೊಸ ದಾರ ಹಿಡಿದು ಕುಳಿತಳು. ತಮ್ಮನ ಗಂಟನ್ನು ಉಗುರಿನಿಂದ, ಸೂಜಿಯಿಂದ, ಕಡೆಗೆ ಹಲ್ಲಿನಿಂದ ಬಿಚ್ಚಲು ನೋಡಿದಳು. ಬಗ್ಗಲಿಲ್ಲ. "ಚೀಲ ಅಂದ್ಕೊಂಡಾನೇನು ನಿಮ್ಮನ್ನ!" ಎಂದು ರೇಗಿ ಕತ್ತರಿ ತಂದಳು. ಹಳೆಯ ದಾರವನ್ನು ತುಂಗಭದ್ರೆಗೆ ಬಿಟ್ಟು ಬಂದೆ. ಹೊಸ ಗಂಟು ಅವಳದೇ.

ನಮ್ಮ ಮನೆಗೆ ಎರಡು ಓಣಿಗಳಾಚೆ ಮಸೀದಿಯಿದೆ. ಇಷ್ಟು ವರ್ಷ ಶುಕ್ರವಾರದ ಆ ಕರೆ ಕೇಳಿದರೆ ಊಟದ ಹೊತ್ತಾಯಿತೆಂದು ತಿಳಿಯುತ್ತಿದ್ದೆ, ಅಷ್ಟೇ. ಈಗ ಎಲೆಯ ಮುಂದೆ ಕುಳಿತಿರುತ್ತೇನೆ. ಕೈ ಎದೆಯ ಮೇಲೆ ಕರಡಿಗೆಯನ್ನು ಹಿಡಿದು ಹಾಗೆಯೇ ನಿಲ್ಲುತ್ತದೆ.

"ಅನ್ನ ಆರತೈತ್ರಿ" ಎನ್ನುತ್ತಾಳೆ ಗಿರಿಜಮ್ಮ.

"ಇನ್ನೊಂದು ಗಳಿಗೆ. ನಮಾಜ್ ಮುಗೀಲಿ, ಬಾಗಿಲು ತೆಗೀಲಿ."

ಯಾವ ಬಾಗಿಲೆಂದು ಅವಳು ಕೇಳುವುದಿಲ್ಲ. ತಾನೂ ಕೈ ಕಟ್ಟಿಕೊಂಡು ಕಾಯುತ್ತಾಳೆ.